ಮದುವೆ ಕರೆಯೋಲೆ ಅಂತ ಎಪಿಕೆ (ಆಪ್ ಫೈಲ್) ಬಂತು, ಚಿಕ್ಕಪ್ಪನ 86 ಸಾವಿರ ಹೋಯ್ತು. ಊರಿನವರಿಗೆ ಹೇಗೆ ಹೇಳುವುದು?

ಕೊಬ್ಬರಿಗಿಟಕು (ಚರ್ಚೆ ಶುರು ಮಾಡಿದವರು)
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಊರು ಅರಸೀಕೆರೆ ಕಡೆ. ನಾನು ಬೆಂಗಳೂರಲ್ಲಿದ್ದೇನೆ. ಊರಲ್ಲಿ ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರೇ. ಹೋದ ವಾರ ಊರಿನ ವಾಟ್ಸಾಪ್ ಗ್ರೂಪಿಗೆ 'ಮದುವೆ ಕರೆಯೋಲೆ' ಅಂತ ಒಂದು ಫೈಲ್ ಬಂತು. ಬಂದಿದ್ದು ನಮ್ಮೂರ ಹಾಲಿನ ಡೈರಿ ಸೆಕ್ರೆಟರಿ ನಂಬರಿನಿಂದ. ಅವರ ಮಗಳಿಗೆ ಗಂಡು ನೋಡುತ್ತಿರುವುದು ಊರಿಗೆಲ್ಲ ಗೊತ್ತು. ಚಿಕ್ಕಪ್ಪ 'ಓ, ಅಂತೂ ಗೊತ್ತಾಯ್ತಲ್ಲ' ಅಂತ ಖುಷಿಯಲ್ಲಿ ಒತ್ತಿದ್ದಾರೆ. ಫೋನ್ ಏನೇನೋ ಕೇಳಿದೆ. ಎಲ್ಲಕ್ಕೂ ಹೂಂ ಅಂತ ಒತ್ತುತ್ತಾ ಹೋಗಿದ್ದಾರೆ. ಕರೆಯೋಲೆ ಮಾತ್ರ ತೆರೆದುಕೊಳ್ಳಲಿಲ್ಲ. ನೆಟ್‌ವರ್ಕ್ ಇಲ್ಲವೇನೋ ಅಂದುಕೊಂಡು ಫೋನನ್ನು ಚಾರ್ಜಿಗೆ ಹಾಕಿ ಮಲಗಿದ್ದಾರೆ.

ಬೆಳಿಗ್ಗೆ ಗೊಬ್ಬರದ ಅಂಗಡಿಗೆ ದುಡ್ಡು ಕೊಡಬೇಕು ಅಂತ ಎಟಿಎಂಗೆ ಹೋದರೆ ಖಾತೆಯಲ್ಲಿ 412 ರೂಪಾಯಿ ಉಳಿದಿದೆ. ಕೊಬ್ಬರಿ ಮಾರಿದ 86 ಸಾವಿರ ರಾತ್ರಿ ಮೂರು ಸಲಕ್ಕೆ ಹೋಗಿದೆ.

ನನಗೆ ಹೊಟ್ಟೆ ಉರಿದಿದ್ದು ಆಮೇಲಿನದಕ್ಕೆ. ಎರಡು ದಿನ ಯಾರಿಗೂ ಹೇಳಿಲ್ಲ, ಚಿಕ್ಕಮ್ಮನಿಗೂ. ಭಾನುವಾರ ನಾನು ಫೋನ್ ಮಾಡಿದಾಗ 'ಎಲ್ಲಾ ಚೆನ್ನಾಗಿದೀವಪ್ಪ' ಅಂದರು. ಇಡುವ ಮುಂಚೆ ಮೆಲ್ಲಗೆ, 'ಅಲ್ಲಾ ಮಗ, ಬ್ಯಾಂಕಲ್ಲಿರೋ ದುಡ್ಡು ತಾನಾಗೇ ಹೋದರೆ ವಾಪಸ್ ಕೊಡ್ತಾರಾ?' ಅಂತ ಕೇಳಿದರು. ಆಗ ಗೊತ್ತಾಯ್ತು.

ಈಗ ಅದೇ ಫೈಲು ಚಿಕ್ಕಪ್ಪನ ನಂಬರಿನಿಂದ ಇನ್ನೂ ನಾಲ್ಕು ಗ್ರೂಪಿಗೆ ಹೋಗಿದೆಯಂತೆ. ದುಡ್ಡು ಬರುತ್ತಾ? ಮತ್ತೆ ಗ್ರೂಪಲ್ಲಿ ನೂರಾ ಎಂಬತ್ತು ಜನ ಇದ್ದಾರೆ. ಚಿಕ್ಕಪ್ಪನ ಮರ್ಯಾದೆ ಹೋಗದ ಹಾಗೆ ಅವರಿಗೆ ಹೇಗೆ ಹೇಳುವುದು?

ನಿವೃತ್ತಕ್ಯಾಷಿಯರ್
ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದೀರಾ? ಮಾಡಿಲ್ಲದಿದ್ದರೆ ಇದನ್ನು ಓದುವುದು ಬಿಟ್ಟು ಮೊದಲು ಮಾಡಿ. ಖಾತೆ ನಂಬರ್, ದುಡ್ಡು ಹೋದ ಹೊತ್ತು, ಎಷ್ಟು ಹೋಯ್ತು, ವಹಿವಾಟಿನ ನಂಬರ್ ಕೇಳುತ್ತಾರೆ. ಮೆಸೇಜಲ್ಲಿ ದೂರಿನ ನಂಬರ್ ಬರುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್‌ಗೆ ಹೋಗಿ 24 ಗಂಟೆಯೊಳಗೆ ಪೂರ್ತಿ ದೂರು ತುಂಬಬೇಕು. ಬಹಳ ಜನ ಫೋನ್ ಮಾಡಿ ಸುಮ್ಮನಾಗಿಬಿಡುತ್ತಾರೆ.

ಕೊಬ್ಬರಿಗಿಟಕು
ಭಾನುವಾರ ರಾತ್ರಿಯೇ ಮಾಡಿದೆ ಸಾರ್. ವೆಬ್‌ಸೈಟಲ್ಲೂ ತುಂಬಿದ್ದೇನೆ. ಸೋಮವಾರ ಬ್ಯಾಂಕಿಗೆ ಅರ್ಜಿ ಕೊಟ್ಟಾಯ್ತು. ಆದರೆ ಅಷ್ಟೊತ್ತಿಗೆ ಎರಡು ದಿನ ಕಳೆದಿತ್ತು.

ಸಿಡಿಮದ್ದು
ಎಷ್ಟು ಸಲ ಹೇಳಿದರೂ ಒತ್ತುತ್ತಾರಲ್ಲ, ಇವರಿಗೆಲ್ಲ ಸ್ಮಾರ್ಟ್‌ಫೋನ್ ಯಾಕೆ ಕೊಡಿಸುತ್ತೀರಿ?

ಮಲ್ಲಿಗೆಬಳ್ಳಿ
@ಸಿಡಿಮದ್ದು ಈ ಮಾತಿಗೇ ಅವರು ಎರಡು ದಿನ ಬಾಯಿ ಬಿಡದೆ ಕೂತಿದ್ದು. ಪರಿಚಯದ ನಂಬರಿನಿಂದ ಬಂದಿದೆ, ಮದುವೆ ಸುದ್ದಿ ಬೇರೆ. ನೀವಾಗಿದ್ದರೂ ಒತ್ತುತ್ತಿದ್ದಿರಿ.

ಸಿಡಿಮದ್ದು
ನಾನು ಒತ್ತುತ್ತಿರಲಿಲ್ಲ.

ಮಲ್ಲಿಗೆಬಳ್ಳಿ
ಎಲ್ಲರೂ ಹಾಗೇ ಹೇಳುವುದು.

ಮೊಬೈಲ್‌ಅಂಗಡಿ_ಕಡೂರು
ನನ್ನದು ರಿಪೇರಿ ಅಂಗಡಿ. ವಾರಕ್ಕೆ ಒಂದಾದರೂ ಇಂಥ ಫೋನ್ ಬರುತ್ತದೆ. ಒಂದು ತಪ್ಪು ತಿಳುವಳಿಕೆ ಇದೆ, ಹೇಳಿಬಿಡುತ್ತೇನೆ. ಫೈಲು ಫೋನಿಗೆ ಬಂದು ಕೂತ ಮಾತ್ರಕ್ಕೆ ದುಡ್ಡು ಹೋಗುವುದಿಲ್ಲ. ಹೆಸರು ಕರೆಯೋಲೆ ಅಂತ ಇರುತ್ತದೆ, ಕೊನೆಯಲ್ಲಿ ಎಪಿಕೆ ಅಂತ ಇರುತ್ತದೆ. ಫೋಟೋನೂ ಅಲ್ಲ, ಪಿಡಿಎಫ್ಫೂ ಅಲ್ಲ, ಅದೊಂದು ಆಪ್. ಒತ್ತಿದರೆ ಫೋನು 'ಗೊತ್ತಿಲ್ಲದ ಕಡೆಯಿಂದ ಆಪ್ ಹಾಕಬೇಕಾ?' ಅಂತ ಕೇಳುತ್ತದೆ. ಹೂಂ ಅಂದ ಮೇಲೆ 'ನಿಮ್ಮ ಮೆಸೇಜು ಓದಲಾ?' ಅಂತ ಕೇಳುತ್ತದೆ. ಎಲ್ಲಾ ಕೈಬಿಟ್ಟು ಹೋಗುವುದು ಇಲ್ಲಿ. ಮೆಸೇಜ್ ಓದಲು ಬಿಟ್ಟರೆ ಒಟಿಪಿ ನೇರ ಕಳ್ಳನ ಕೈಗೆ ಹೋಗುತ್ತದೆ. ನಿಮ್ಮ ಚಿಕ್ಕಪ್ಪ ಒಟಿಪಿ ಯಾರಿಗೂ ಹೇಳಿರಲಿಕ್ಕಿಲ್ಲ ಅಲ್ವಾ? ಹೇಳುವ ಅಗತ್ಯವೇ ಇಲ್ಲ.

ಇದೇ ಸರಕು ಬೇರೆ ಬೇರೆ ಹೆಸರಲ್ಲಿ ಓಡಾಡುತ್ತದೆ. ಪಿಎಂ ಕಿಸಾನ್, ಆರ್‌ಟಿಒ ಚಲನ್, ಬ್ಯಾಂಕ್ ಕೆವೈಸಿ. ಆಷಾಢ ಕಳೆದು ಮದುವೆ ಶುರುವಾದರೆ ಕರೆಯೋಲೆ.

ಹೊಸಬ2
ಫೋನ್ ಪೂರ್ತಿ ರೀಸೆಟ್ ಹೊಡೆದುಬಿಡಿ, ಎಲ್ಲಾ ಹೋಗುತ್ತದೆ.

ಮೊಬೈಲ್‌ಅಂಗಡಿ_ಕಡೂರು
@ಹೊಸಬ2 ತಡೆಯಿರಿ, ತಡೆಯಿರಿ. ಮೊದಲೇ ರೀಸೆಟ್ ಮಾಡಿದರೆ ಸಾಕ್ಷಿನೂ ಹೋಗುತ್ತದೆ. ಮೊದಲು ಡೇಟಾ, ವೈಫೈ ಎರಡೂ ಬಂದ್ ಮಾಡಿ. ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ, ಆ ಫೋನಿಂದಲೇ ಬ್ಯಾಂಕಿಗೆ ಹೇಳಿ ಖಾತೆ ನಿಲ್ಲಿಸಿ. ಆ ಫೈಲು, ಮೆಸೇಜು, ದುಡ್ಡು ಹೋದ ಮೆಸೇಜು ಎಲ್ಲದರ ಫೋಟೋ ಇನ್ನೊಂದು ಫೋನಿಂದ ಹೊಡೆದುಕೊಳ್ಳಿ. ಪೊಲೀಸರಿಗೆ ತೋರಿಸಿದ ಮೇಲೆ ರೀಸೆಟ್ ಮಾಡಿ. ವಾಟ್ಸಾಪಲ್ಲಿ 'ಲಿಂಕ್ಡ್ ಡಿವೈಸ್' ನೋಡಿ, ಗೊತ್ತಿಲ್ಲದ್ದು ಇದ್ದರೆ ಕಿತ್ತುಹಾಕಿ.

ವಕೀಲರಮನೆ
ದುಡ್ಡು ವಾಪಸ್ ಬಗ್ಗೆ ಒಂದು ಮಾತು. ರಿಸರ್ವ್ ಬ್ಯಾಂಕಿನ ನಿಯಮ ಇದೆ, 2017ರ ಜುಲೈ 6ರ ಸುತ್ತೋಲೆಯಲ್ಲಿ ಬಂದದ್ದು. ತಪ್ಪು ಗ್ರಾಹಕನದ್ದೂ ಅಲ್ಲ, ಬ್ಯಾಂಕಿನದ್ದೂ ಅಲ್ಲ, ಬೇರೆ ಕಡೆ ಆಗಿದ್ದರೆ, ಬ್ಯಾಂಕಿನ ಮೆಸೇಜ್ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟ ಇಲ್ಲ. ಶನಿವಾರ, ಭಾನುವಾರ ಮಧ್ಯೆ ಬಂದಿದ್ದರೆ ನಿಮ್ಮ ಚಿಕ್ಕಪ್ಪ ಇನ್ನೂ ಅವಧಿಯ ಒಳಗೇ ಇರಬಹುದು, ಲೆಕ್ಕ ಹಾಕಿ.

ನಿವೃತ್ತಕ್ಯಾಷಿಯರ್
ವಕೀಲರೇ, ಅರ್ಧ ಹೇಳಿದಿರಿ. ಗ್ರಾಹಕನ ನಿರ್ಲಕ್ಷ್ಯದಿಂದ ಆಗಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದೇ ಅಂತಲೂ ಅದರಲ್ಲೇ ಇದೆ. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. 'ನೀವೇ ಆಪ್ ಹಾಕಿಕೊಂಡಿದ್ದೀರಿ' ಅಂತ ಬ್ಯಾಂಕ್ ಹೇಳಿಯೇ ಹೇಳುತ್ತದೆ. ಮೂವತ್ತನಾಲ್ಕು ವರ್ಷ ಕೌಂಟರಿನ ಆ ಕಡೆ ಕೂತವನು ನಾನು.

ವಕೀಲರಮನೆ
ಹೇಳಲಿ. ನಿರ್ಲಕ್ಷ್ಯ ಅಂತ ಸಾಬೀತು ಮಾಡುವ ಹೊಣೆ ಬ್ಯಾಂಕಿನದು, ಅದೂ ಅದೇ ಸುತ್ತೋಲೆಯಲ್ಲಿದೆ. 90 ದಿನದಲ್ಲಿ ದೂರು ಇತ್ಯರ್ಥ ಮಾಡಬೇಕು ಅಂತಲೂ ಇದೆ. ಬರವಣಿಗೆಯಲ್ಲಿ ಕೊಡಿ, ಸೀಲು ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಇಲ್ಲಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ಕೇಳುವವರು) ಹೋಗಿ. ಸಹಾಯಕ್ಕೆ 14448 ಇದೆ. ಬಾಯಿಮಾತಲ್ಲಿ 'ಆಗಲ್ಲ' ಅಂದರೆ ಎದ್ದು ಬರಬೇಡಿ.

ನಿವೃತ್ತಕ್ಯಾಷಿಯರ್
ಸೀಲಿನ ಮಾತು ಒಪ್ಪಿದೆ. ಸೀಲು ಇಲ್ಲದ ಅರ್ಜಿ ಟೀ ಲೋಟದ ಕೆಳಗೆ ಹೋಗುತ್ತದೆ.

ಧಾರವಾಡಪೇಡೆ
ನಮ್ಮ ಓಣಿಯ ಕತೆ ಕೇಳಿ. ಹೈಸ್ಕೂಲ್ ಮಾಸ್ತರರು, ರಿಟೈರ್ ಆಗಿ ಹತ್ತು ವರ್ಷದ ಮೇಲಾಯಿತು. ಅವರಿಗೆ ಬಂದದ್ದು ಡಿಜಿಟಲ್ ಅರೆಸ್ಟ್. 'ನಿಮ್ಮ ಹೆಸರಿನ ಕೊರಿಯರ್‌ನಲ್ಲಿ ಡ್ರಗ್ಸ್ ಸಿಕ್ಕಿದೆ' ಅಂತ ಫೋನು, ಆಮೇಲೆ ವಿಡಿಯೋದಲ್ಲಿ ಯೂನಿಫಾರ್ಮ್ ಹಾಕಿದವನು, ಹಿಂದೆ ಠಾಣೆಯ ಹಾಗೆ ಪರದೆ. ಮನೆಯವರಿಗೆ ಹೇಳಿದರೆ ಅವರನ್ನೂ ಒಳಗೆ ಹಾಕುತ್ತೇವೆ ಅಂದರಂತೆ. ಮಾಸ್ತರರು ಫೋನನ್ನು ಶಬ್ದಕೋಶಕ್ಕೆ ಆನಿಸಿ ನಿಲ್ಲಿಸಿ ಎರಡು ದಿನ ಅದರ ಮುಂದೆ ಕೂತಿದ್ದಾರೆ. ಅವರ ಹೆಂಡತಿ, ನಮ್ಮ ಕಾಕೂ, ತಾಟು ತಂದಿಟ್ಟರೆ ಬಾಯಿಗೆ ಬೆರಳಿಟ್ಟು ಸನ್ನೆ ಮಾಡುತ್ತಿದ್ದರಂತೆ.

ಮೂರನೇ ದಿನ ಎಫ್‌ಡಿ ಮುರಿಸಲು ಬ್ಯಾಂಕಿಗೆ ಬಂದರು. ಕೌಂಟರಿನಲ್ಲಿ ಅವರದೇ ಹಳೇ ವಿದ್ಯಾರ್ಥಿನಿ. ಯಾಕ್ರಿ ಸರ್ ಅಂದಳು. 'ಮಗ ಮನಿ ಕಟ್ಟಸ್ತಾನ' ಅಂದರು. 'ಯಾವ ಊರಾಗ್ರಿ?' ಅಂದಳು. ಮಾಸ್ತರರಿಗೆ ಉತ್ತರ ಬರಲಿಲ್ಲ. ಕಣ್ಣಲ್ಲಿ ನೀರು ಬಂತು. ಜೇಬಿನಲ್ಲಿದ್ದ ಫೋನ್ ಆಗಲೂ ಚಾಲೂ ಇತ್ತು. ಆಕೆ ಕೈ ಚಾಚಿ ಅದನ್ನು ತೆಗೆದುಕೊಂಡು ಕಟ್ ಮಾಡಿದಳು. ಹದಿನಾಲ್ಕು ಲಕ್ಷ ಉಳಿಯಿತು.

ಮಲ್ಲಿಗೆಬಳ್ಳಿ
ಅಬ್ಬಾ. ಆ ಹುಡುಗಿಗೆ ಕೈ ಮುಗಿಯಬೇಕು.

ವಕೀಲರಮನೆ
ಡಿಜಿಟಲ್ ಅರೆಸ್ಟ್ ಅನ್ನುವುದು ಯಾವ ಕಾನೂನಲ್ಲೂ ಇಲ್ಲ. ವಿಡಿಯೋ ಕಾಲಲ್ಲಿ ಯಾವ ಪೊಲೀಸರೂ ಬಂಧಿಸುವುದಿಲ್ಲ, ವಿಚಾರಣೆಗೆ ದುಡ್ಡು ಕೇಳುವುದಿಲ್ಲ. 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯೇ ಇದನ್ನು ಹೇಳಿದರು. ಅದರಲ್ಲಿ ಕೇಳಿಸಿದ ಕಳ್ಳನ ಫೋನ್ ಮಾತು ನಮ್ಮ ವಿಜಯಪುರದವರೊಬ್ಬರಿಗೆ ಬಂದದ್ದು.

ಸಿಡಿಮದ್ದು
ಮೇಷ್ಟ್ರು ಓದಿದವರು, ಅವರೂ ನಂಬಿದರಾ!

ಧಾರವಾಡಪೇಡೆ
ಓದಿದವರೇ ಜಾಸ್ತಿ ನಂಬುತ್ತಾರೆ. ಅವರಿಗೆ ಕೇಸು, ನೋಟಿಸು, ಹೆಸರು ಕೆಡುವುದು ಅಂದರೆ ಭಯ. ನಮ್ಮ ಗೌಳಿ ಅಜ್ಜನಿಗೂ ಅದೇ ಫೋನ್ ಬಂದಿತ್ತು. 'ಬಾರಪಾ ಹಿಡ್ಕೊಂಡು ಹೋಗು, ಎಮ್ಮೀ ಹಾಲ ನೀನ ಹಿಂಡ್ಬೇಕ ಮತ್ತ' ಅಂದು ಇಟ್ಟನಂತೆ.

ಇಡ್ಲಿಗಾಡಿ
ಎಲ್ಲರೂ 1930, 1930 ಅನ್ನುತ್ತಿದ್ದೀರಿ. ನನ್ನ ಕಡೆಯದೂ ಕೇಳಿ. ನಾನು ಬೆಳಿಗ್ಗೆ ತಿಂಡಿ ಗಾಡಿ ಇಟ್ಟಿದ್ದೇನೆ. ಯಾವನೋ ಬಂದು ಎರಡು ಇಡ್ಲಿ, ಒಂದು ವಡೆ ತಿಂದು 60 ರೂಪಾಯಿ ಸ್ಕ್ಯಾನ್ ಮಾಡಿ ಹೋದ. ಅವನ ಖಾತೆಗೆ ಎಲ್ಲಿಂದಲೋ ಮೋಸದ ದುಡ್ಡು ಬಂದಿತ್ತಂತೆ. ಬೇರೆ ರಾಜ್ಯದ ಪೊಲೀಸರು ನನ್ನ ಖಾತೆಯನ್ನೇ ನಿಲ್ಲಿಸಿದರು. ಆರು ವಾರ! ಗ್ಯಾಸಿಗೆ, ಅಕ್ಕಿ ಉದ್ದಿಗೆ ಎಲ್ಲಾ ಸಾಲ. ಬ್ಯಾಂಕಲ್ಲಿ ಕೇಳಿದರೆ 'ಅಲ್ಲಿಗೆ ಮೇಲ್ ಮಾಡಿ' ಅಂತಾರೆ. ನನಗೆ ಮೇಲ್ ಮಾಡಿಕೊಟ್ಟಿದ್ದು ಪಕ್ಕದ ಜೆರಾಕ್ಸ್ ಅಂಗಡಿ ಹುಡುಗ.

ವಕೀಲರಮನೆ
ಇದು ನಿಜವಾದ ತೊಂದರೆ. 60 ರೂಪಾಯಿಗೆ ಪೂರ್ತಿ ಖಾತೆ ನಿಲ್ಲಿಸುವುದು ಸರಿಯಲ್ಲ, ಆ 60ನ್ನು ಮಾತ್ರ ತಡೆಹಿಡಿಯಿರಿ ಅಂತ ಬರೆದು ಕೇಳಬೇಕು. ದೂರಿನ ನಂಬರ್, ಯಾವ ಠಾಣೆ ಅಂತ ಬ್ಯಾಂಕಿನಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಇಡ್ಲಿಗಾಡಿ
ಈಗ ಬಿಟ್ಟಿದ್ದಾರೆ. 60 ರೂಪಾಯಿ ಇನ್ನೂ ಹಾಗೇ ಇದೆ. ಅವನಿಗೆ ಚಟ್ನಿ ಎರಡು ಸಲ ಹಾಕಿದ್ದೆ, ಅದೇ ಸಿಟ್ಟು.

ಲೆಕ್ಚರರ್_ಕೋಣೆ
ಈ 'ಯಾವನೋ' ಯಾರು ಅಂತ ನಾನು ಹೇಳುತ್ತೇನೆ. ನಮ್ಮ ಕಾಲೇಜಿನ ಬಿಕಾಂ ಹುಡುಗರು. ಯಾರೋ ಬಂದು 'ಖಾತೆ ತೆರೆದು ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಕೊಡು, ಐದು ಸಾವಿರ ಕೊಡುತ್ತೇನೆ' ಅನ್ನುತ್ತಾನೆ. ಹುಡುಗರಿಗೆ ಅದು ಬಿಟ್ಟಿ ದುಡ್ಡು. ನಿಮ್ಮ ಚಿಕ್ಕಪ್ಪನ 86 ಸಾವಿರ ಹೋಗಿ ಕೂರುವುದು ಇಂಥವರ ಖಾತೆಗೆ, ಅಲ್ಲಿಂದ ಎಟಿಎಂಗೆ. ಕೇಸು ಬೀಳುವುದು ಖಾತೆ ಯಾರ ಹೆಸರಲ್ಲಿದೆಯೋ ಅವನ ಮೇಲೆ. ನಮ್ಮಲ್ಲಿ ಒಬ್ಬನನ್ನು ಪರೀಕ್ಷೆಯ ಹಿಂದಿನ ದಿನ ಕರೆದುಕೊಂಡು ಹೋದರು. ಅವನ ಅಪ್ಪ ಬಸ್ ಕಂಡಕ್ಟರ್. ನನ್ನ ಟೇಬಲ್ ಮುಂದೆ ನಿಂತು 'ಸಾರ್, ಅವನು ಪಾಸ್‌ಬುಕ್ ತಾನೇ ಕೊಟ್ಟಿದ್ದು?' ಅಂತ ಮೂರು ಸಲ ಕೇಳಿದರು.

ಹಳ್ಳಿಯಲ್ಲಿ ಹಿರಿಯರಿಗೆ ಹೇಳುವಷ್ಟೇ ಮುಖ್ಯ ಈ ಹುಡುಗರಿಗೆ ಹೇಳುವುದು. ಇವರು ಖಾತೆ ಕೊಡದಿದ್ದರೆ ಕಳ್ಳನಿಗೆ ದುಡ್ಡು ಇಳಿಸಲು ಜಾಗವೇ ಇಲ್ಲ.

ದುಬೈಕನ್ನಡಿಗ
ನಾವು ಮನೆಯಲ್ಲಿ ಒಂದು ಗುಟ್ಟಿನ ಪ್ರಶ್ನೆ ಇಟ್ಟುಕೊಂಡಿದ್ದೇವೆ. 'ನಿಮ್ಮ ಮಗನಿಗೆ ಆಕ್ಸಿಡೆಂಟ್' ಅಂತ ಅಮ್ಮನಿಗೆ ಒಮ್ಮೆ ಫೋನ್ ಬಂದಿತ್ತು. ಅದಾದ ಮೇಲೆ ಅಮ್ಮನೇ ನಿಯಮ ಮಾಡಿದಳು. ಗೊತ್ತಿಲ್ಲದ ನಂಬರಿನಿಂದ ಯಾರೇ ನನ್ನ ಹೆಸರು ಹೇಳಿದರೂ 'ನಮ್ಮ ಹಸು ಹೆಸರೇನು?' ಅಂತ ಕೇಳುವುದು. ಹೋದ ತಿಂಗಳು ನನ್ನ ಫೋನ್ ಕೆಟ್ಟು ಗೆಳೆಯನ ಫೋನಿಂದ ಮಾಡಿದೆ. ಹಸು ಹೆಸರು ಕೇಳಿದಳು. ಗೌರಿ ಅಂದೆ. ಇಟ್ಟೇಬಿಟ್ಟಳು. ಗೌರಿಯನ್ನು ಮಾರಿ ವರ್ಷವಾಯಿತಂತೆ, ಈಗ ಇರುವುದು ತುಂಗೆ. ನನಗೆ ಯಾರು ಹೇಳಿದ್ದರು?

ಮಲ್ಲಿಗೆಬಳ್ಳಿ
😂😂 ಮನೆಗೆ ಆಗಾಗ ಫೋನ್ ಮಾಡಿ ಸ್ವಾಮಿ.

ರಾಗಿಮುದ್ದೆ
ಒಟಿಪಿನೂ ಬೇಡ, ಫೋನೂ ಬೇಡ, ಅಂಥದ್ದೂ ಇದೆ. ಆಧಾರ್ ಹೆಬ್ಬೆಟ್ಟಿನದು. 2023ರಲ್ಲಿ ಬೆಂಗಳೂರಲ್ಲಿ ದೂರುಗಳು ಸಾಲಾಗಿ ಬಂದವು, ನೆನಪಿದೆಯಾ? ನೋಂದಣಿಯಾದ ಕ್ರಯಪತ್ರದಲ್ಲಿದ್ದ ಬೆರಳಚ್ಚು, ಆಧಾರ್ ನಂಬರ್ ಎತ್ತಿಕೊಂಡು ದುಡ್ಡು ತೆಗೆಯುತ್ತಿದ್ದರು. ಅದಕ್ಕೆ ಎಮ್‌ಆಧಾರ್ ಆಪಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ, ಅಂದರೆ ನಿಮ್ಮ ಬೆರಳಚ್ಚು ಯಾರೂ ಬಳಸದ ಹಾಗೆ ಬೀಗ. ಎಲ್ಲರೂ ಇವತ್ತೇ ಮಾಡಿ.

ಸೊಸೆಮುದ್ದು
ದಯವಿಟ್ಟು ಪೂರ್ತಿ ಹೇಳಿ. ನಮ್ಮ ಯಜಮಾನರು ಇದೇ ಥರ ಉತ್ಸಾಹದಲ್ಲಿ ಅತ್ತೆಯದು ಲಾಕ್ ಮಾಡಿ ಬೆಂಗಳೂರಿಗೆ ಹೋದರು. ಅತ್ತೆ ರೇಷನ್ ಅಂಗಡಿಯಲ್ಲಿ ತಂಬ್ ಕೊಟ್ಟರೆ ತೆಗೆದುಕೊಳ್ಳುತ್ತಿಲ್ಲ. ಬೆರಳಿಗೆ ಎಣ್ಣೆ ಹಚ್ಚಿದರು, ಒರೆಸಿದರು, ಸೀರೆ ಸೆರಗಿಗೆ ತಿಕ್ಕಿದರು. ಅಂಗಡಿಯವನು 'ಅಜ್ಜಿ, ನಿಮ್ಮ ಬೆರಳು ಸವೆದಿದೆ' ಅಂದ. ಪಾಪ, ಎರಡು ಸಲ ನಡೆದು ವಾಪಸ್ ಬಂದರು.

ರಾಗಿಮುದ್ದೆ
ಅಯ್ಯೋ. ತಾತ್ಕಾಲಿಕವಾಗಿ ತೆಗೆಯಬಹುದು, ಹತ್ತು ನಿಮಿಷ ಇರುತ್ತದೆ. ಅಂಗಡಿ ಸಾಲಲ್ಲಿ ನಿಂತಾಗ ಫೋನ್ ಇದ್ದವರು ಯಾರಾದರೂ ತೆಗೆದುಕೊಡಬೇಕು.

ಸೊಸೆಮುದ್ದು
ಹತ್ತು ನಿಮಿಷದಲ್ಲಿ ನಮ್ಮ ರೇಷನ್ ಅಂಗಡಿ ಸರ್ವರ್ ಬರುತ್ತಾ? ನಾನು ಲಾಕ್ ತೆಗೆಸಿಬಿಟ್ಟೆ. ಅತ್ತೆ ಖಾತೆಯಲ್ಲಿ ಗೃಹಲಕ್ಷ್ಮಿ ಎರಡು ಸಾವಿರ ಬಂದ ದಿನವೇ ತೆಗೆಸಿಕೊಂಡು ಬರುತ್ತಾರೆ. ಕಳ್ಳನಿಗೆ ಏನೂ ಉಳಿಯುವುದಿಲ್ಲ.

ಹೊಸಬ2
ಯುಪಿಐ ಕಲೆಕ್ಟ್ ರಿಕ್ವೆಸ್ಟ್ (ದುಡ್ಡು ಕೊಡಿ ಅಂತ ಆಪಲ್ಲೇ ಕೇಳಿ ಕಳಿಸುವುದು) ಬಗ್ಗೆಯೂ ಗ್ರೂಪಲ್ಲಿ ಹಾಕಿ. ಒಪ್ಪಿದರೆ ದುಡ್ಡು ಹೋಗುತ್ತದೆ.

ಮೊಬೈಲ್‌ಅಂಗಡಿ_ಕಡೂರು
ಒಬ್ಬರಿಂದ ಇನ್ನೊಬ್ಬರಿಗೆ ಹಾಗೆ ಕೇಳುವುದನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ. ಅಂಗಡಿ, ಕಂಪನಿಗಳದ್ದು ಇದೆ. ನಾನು ಗಿರಾಕಿಗಳಿಗೆ ಒಂದೇ ಮಾತು ಹೇಳುವುದು: ದುಡ್ಡು ಬರಬೇಕಾದರೆ ಪಿನ್ ಒತ್ತಬೇಕಾಗಿಲ್ಲ, ಸ್ಕ್ಯಾನೂ ಮಾಡಬೇಕಾಗಿಲ್ಲ. ಹಳೇ ಸೋಫಾ ಮಾರಲು ಹೋಗಿ ಕಳೆದುಕೊಂಡವರೆಲ್ಲ ಇಲ್ಲೇ ಎಡವಿದ್ದು.

ಬಯಲಾಟ
ಇದೆಲ್ಲ ಈಗಿನದು ಅಂತ ಮಾತಾಡುತ್ತಿದ್ದೀರಿ. ಫೋನ್ ಇಲ್ಲದ ಕಾಲದಲ್ಲಿ ನಮ್ಮೂರಲ್ಲಿ ಚೀಟಿ ನಡೆಸುತ್ತಿದ್ದವಳು ಹಬ್ಬದ ಹಿಂದಿನ ರಾತ್ರಿ ಮನೆಗೆ ಬೀಗ ಹಾಕಿ ಹೋದಳು. ನಲವತ್ತು ಜನರ ದುಡ್ಡು. ನಮ್ಮಮ್ಮ ಇವತ್ತಿಗೂ ಆ ಮನೆ ಮುಂದೆ ನಡೆಯುವುದಿಲ್ಲ, ಸುತ್ತಿಕೊಂಡು ಹೋಗುತ್ತಾಳೆ.

ನಿವೃತ್ತಕ್ಯಾಷಿಯರ್
ಚೀಟಿ ಅಂದರೆ ಮೋಸ ಅಂತ ಅಲ್ಲ. 1982ರ ಚಿಟ್ ಫಂಡ್ ಕಾಯ್ದೆ ಇದೆ, ನೋಂದಣಿ ಇದ್ದರೆ ರಿಜಿಸ್ಟ್ರಾರ್ ಹತ್ತಿರ ದೂರು ಕೊಡಬಹುದು. ತಿಂಗಳಿಗೆ ಇಷ್ಟು ಅಂತ ದೊಡ್ಡ ಲಾಭ ಕೊಡುತ್ತೇವೆ ಅನ್ನುವವರೇ ಬೇರೆ. 2019ರಲ್ಲಿ ಬೆಂಗಳೂರಿನ ಐಎಂಎ ಅನ್ನುವ ಹೂಡಿಕೆ ಕಂಪನಿ ಮುಳುಗಿದಾಗ ಮಗಳ ಮದುವೆಗೆ ಅಂತ ಒಡವೆ ಮಾರಿ ಹಾಕಿದವರೆಲ್ಲ ಬೀದಿಯಲ್ಲಿ ನಿಂತಿದ್ದರು.

ಬಯಲಾಟ
ಪಕ್ಕದ ಮನೆ ಅಕ್ಕನ ಹತ್ತಿರ ನೋಂದಣಿ ನಂಬರ್ ಯಾರು ಸಾರ್ ಕೇಳುತ್ತಾರೆ?

ಸಿಡಿಮದ್ದು
ಕೇಳಬೇಕು.

ಬಯಲಾಟ
ಕೇಳಿ ನೋಡಿ. ಮಾರನೇ ದಿನದಿಂದ ಮೊಸರಿಗೆ ಹೆಪ್ಪೂ ಕೊಡುವುದಿಲ್ಲ.

ಮೇಲ್ವಿಚಾರಕ
ಚೀಟಿಗೆ ಬೇರೆ ಚರ್ಚೆ ಶುರು ಮಾಡಿ. ಇಲ್ಲಿ ಕೊಬ್ಬರಿಗಿಟಕು ಅವರ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಧಾರವಾಡಪೇಡೆ
ಗ್ರೂಪಲ್ಲಿ ಉದ್ದುದ್ದ ಎಚ್ಚರಿಕೆ ಹಾಕಬೇಡಿ. ಗುಡ್ ಮಾರ್ನಿಂಗ್ ಹೂವಿನ ಫೋಟೋ ಜೊತೆ ಮೇಲೆ ಹೋಗಿಬಿಡುತ್ತದೆ. ಚಿಕ್ಕಪ್ಪನೇ ಒಂದು ನಿಮಿಷದ ಧ್ವನಿ ಹಾಕಲಿ. ಅವರ ದನಿ ಎಲ್ಲರಿಗೂ ಗೊತ್ತು.

ಕೊಬ್ಬರಿಗಿಟಕು
ಕೇಳಿದೆ. 'ಊರವರೆಲ್ಲ ನಗಲಿ ಅಂತಾನಾ?' ಅಂದರು.

ಲೆಕ್ಚರರ್_ಕೋಣೆ
ಆ ಡೈರಿ ಸೆಕ್ರೆಟರಿ ಏನಾದರು? ಫೈಲು ಅವರ ನಂಬರಿನಿಂದ ತಾನೇ ಬಂದಿದ್ದು. ಅವರದ್ದೂ ಹೋಗಿರಬೇಕಲ್ಲ?

ಕೊಬ್ಬರಿಗಿಟಕು
ಅದನ್ನು ನಾನು ಯೋಚನೆಯೇ ಮಾಡಿರಲಿಲ್ಲ. ವಿಚಾರಿಸುತ್ತೇನೆ.

ಕೊಬ್ಬರಿಗಿಟಕು (ಹನ್ನೊಂದು ದಿನದ ನಂತರ)
ಸುದ್ದಿ ಹೇಳೋಣ ಅಂತ ಬಂದೆ. ಮೂರರಲ್ಲಿ ಒಂದು ಸಲದ್ದು, 31 ಸಾವಿರ, ಇನ್ನೊಂದು ಖಾತೆಯಲ್ಲಿ ಸಿಕ್ಕಿ ತಡೆಹಿಡಿದಿದ್ದಾರೆ. ಅದನ್ನು ಬಿಡಿಸಲು ಅರ್ಜಿ ಹಾಕಬೇಕಂತೆ. ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧ ನೋಡಿಕೊಳ್ಳುವ) ಠಾಣೆಯವರು ಕಾಗದ ಕೊಟ್ಟಿದ್ದಾರೆ. ಉಳಿದದ್ದು ಅದೇ ರಾತ್ರಿ ಎಟಿಎಂನಲ್ಲಿ ತೆಗೆದಾಗಿದೆ. ಬ್ಯಾಂಕ್ 'ನೀವೇ ಆಪ್ ಹಾಕಿಕೊಂಡಿದ್ದೀರಿ' ಅಂತ ಬರೆದುಕೊಟ್ಟಿದೆ. ಕ್ಯಾಷಿಯರ್ ಸಾರ್ ಹೇಳಿದ ಹಾಗೇ ಆಯ್ತು. ವಕೀಲರು ಹೇಳಿದ ದಾರಿಯಲ್ಲಿ ಹೋಗುತ್ತಿದ್ದೇನೆ.

ಸೆಕ್ರೆಟರಿ ವಿಷಯ. ಲೆಕ್ಚರರ್ ಊಹಿಸಿದ್ದು ಸರಿ. ಚಿಕ್ಕಪ್ಪನಿಗಿಂತ ಮೂರು ದಿನ ಮೊದಲೇ ಅವರ 22 ಸಾವಿರ ಹೋಗಿತ್ತು. ಅವರೂ ಬಾಯಿ ಬಿಟ್ಟಿರಲಿಲ್ಲ. ಚಿಕ್ಕಪ್ಪ ಒಂದು ಸಂಜೆ ಹಾಲು ಹಾಕಲು ಹೋದಾಗ ಎಲ್ಲರೂ ಹೋಗುವ ತನಕ ಕ್ಯಾನ್ ಹಿಡಿದು ನಿಂತಿದ್ದು, 'ನಿಂದೆಷ್ಟು ಹೋಯ್ತಯ್ಯ?' ಅಂತ ಕೇಳಿದರಂತೆ. ಸೆಕ್ರೆಟರಿ ಫ್ಯಾಟ್ ಅಳೆಯುವ ಮಷೀನ್ ಆಫ್ ಮಾಡಿ ಕೂತುಬಿಟ್ಟರಂತೆ. ಇಬ್ಬರೂ ಒಂದು ಗಂಟೆ ಅಲ್ಲೇ ಮಾತಾಡಿದ್ದಾರೆ. ಅವರಿಬ್ಬರೇ ಅಲ್ಲ, ಊರಲ್ಲಿ ಇನ್ನೂ ಮೂವರದ್ದು ಹೋಗಿದೆ ಅಂತ ಆಮೇಲೆ ಹೊರಗೆ ಬಂತು.

ಮಾರನೇ ಬೆಳಿಗ್ಗೆ ಡೈರಿಯ ಕಪ್ಪು ಹಲಗೆಯಲ್ಲಿ ಹಾಲಿನ ರೇಟಿನ ಕೆಳಗೆ ಸೆಕ್ರೆಟರಿ ಬರೆದಿದ್ದಾರೆ. ಚಿಕ್ಕಮ್ಮ ಫೋಟೋ ಕಳಿಸಿದರು, ಹಾಗೇ ಟೈಪ್ ಮಾಡುತ್ತೇನೆ:

'ನನ್ನ ಮಗಳ ಮದುವೆ ಇನ್ನೂ ಗೊತ್ತಾಗಿಲ್ಲ. ಗೊತ್ತಾದರೆ ಅಕ್ಷತೆ ಹಿಡಿದು ಮನೆಗೇ ಬಂದು ಕರೆಯುತ್ತೇನೆ. ಫೋನಲ್ಲಿ ಬಂದದ್ದು ನನ್ನದಲ್ಲ, ಒತ್ತಬೇಡಿ. ಒತ್ತಿದ್ದರೆ 1930. ನನ್ನದೂ ಹೋಗಿದೆ.'

ಮಲ್ಲಿಗೆಬಳ್ಳಿ
ಕೊನೆಯ ಸಾಲು ಬರೆಯಲು ಎಷ್ಟು ಕಷ್ಟ ಆಗಿರಬೇಕು.

ಇಡ್ಲಿಗಾಡಿ
ಮದುವೆ ಗೊತ್ತಾದರೆ ತಿಂಡಿ ನನ್ನ ಕಡೆಯಿಂದ. ಕ್ಯಾಶ್ ಮಾತ್ರ.

ಸಿಡಿಮದ್ದು
ನಮ್ಮ ಅಪ್ಪನಿಗೆ ಇದರ ಫೋಟೋ ಕಳಿಸಬಹುದಾ? ಹೆಸರು, ಊರು ಕಾಣದ ಹಾಗೆ.

ಕೊಬ್ಬರಿಗಿಟಕು
ಧಾರಾಳವಾಗಿ.

ತಡವಾಗಿಬಂದೆ
ಮೇಲಿನದೆಲ್ಲ ಓದಲು ಟೈಮ್ ಇಲ್ಲ. ನನಗೂ ಈಗಷ್ಟೇ ಭಾವನ ನಂಬರಿನಿಂದ 'ಆರ್‌ಟಿಒ ಚಲನ್' ಅಂತ ಒಂದು ಬಂದಿದೆ. ಕೊನೆಯಲ್ಲಿ ಎಪಿಕೆ ಅಂತ ಇದೆ. ತೆರೆಯಲಾ?

ಮೊಬೈಲ್‌ಅಂಗಡಿ_ಕಡೂರು
ಬೇಡ!!! ಭಾವನಿಗೆ ಫೋನ್ ಮಾಡಿ. ವಾಟ್ಸಾಪಲ್ಲಿ ಅಲ್ಲ, ನೇರ ಕಾಲ್ ಮಾಡಿ. ಈಗಲೇ.